ಮಣ್ಣಿಗೆ ಮರಳುವ ಮೂರ್ತಿಗಳು

(ಬಾನುಲಿ ಭಾಷಣ)

ಕಾಲೇಜಿನಲ್ಲಿ ನಾನು ಮೂವತ್ತು ವರ್ಷ ಕನ್ನಡ ಪಾಠ ಹೇಳಿದೆ. ಅದರಲ್ಲಿ ಕರ್ನಾಟಕ ಸಂಸ್ಕೃತಿಯ ಪಾಠವೂ ಸೇರಿತ್ತು. ಶಿಲ್ಪಕಲೆಯ ಅಧ್ಯಾಯ ಬಂದಾಗ ಬಾದಾಮಿಯ ಗುಹೆಗಳಿಂದ ಹೊರಟು, ಐಹೊಳೆ ಪಟ್ಟದಕಲ್ಲುಗಳನ್ನು ಹಾದು, ಬೇಲೂರು ಹಳೇಬೀಡುಗಳಲ್ಲಿ ತುಸು ಹೆಚ್ಚು ಹೊತ್ತು ನಿಂತು, ಹಂಪೆಯಲ್ಲಿ ಮುಗಿಸುವುದು ನನ್ನ ವಾಡಿಕೆ. ಒಂದು ವರ್ಷ ಈ ಪಾಠ ಆಷಾಢ ಮಾಸದಲ್ಲಿ ನಡೆದಿತ್ತು. ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಹಿಂದಿನ ಬೆಂಚಿನಿಂದ ಎದ್ದು ನಿಂತು, “ಸರ, ನಾವು ಗುಳ್ಳವ್ವನ್ನ ಮಾಡತೀವಲ್ರೀ, ಅದೂ ಶಿಲ್ಪಾನ ಏನ್ರಿ?” ಎಂದು ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. “ಅದು ಹಬ್ಬದ ಗೊಂಬಿ, ಕೂಡವ್ವಾ” ಎಂದು ಹೇಳಿ ಬೇಲೂರಿನ ಮದನಿಕೆಯರ ಕಡೆಗೆ ನಡೆದುಬಿಟ್ಟೆ. ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ ಆ ಪ್ರಶ್ನೆ ಹಲವು ಸಲ ನನ್ನ ಮುಂದೆ ಬಂದು ನಿಂತಿದೆ. ಇಂದಿನ ಈ ಮಾತನ್ನು ಆ ಹುಡುಗಿಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರವೆಂದು ಕೇಳುಗರು ಭಾವಿಸಬೇಕು.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮುಂಗಾರು ಮಳೆಯೊಡನೆ ಮಣ್ಣಿನ ಮೂರ್ತಿಗಳ ಕಾಲ ತೊಡಗುತ್ತದೆ. ಜ್ಯೇಷ್ಠದ ಹುಣ್ಣಿಮೆ ಕಾರಹುಣ್ಣಿಮೆ. ಅಂದು ಜೀವಂತ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತಾರೆ. ಅಲ್ಲಿಂದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಹೊಲದ ಮಣ್ಣನ್ನು ಮನೆಗೆ ತಂದು, ಕಲ್ಲು ಕಡ್ಡಿ ಆಯ್ದು, ನೀರು ಹಾಕಿ ಮಿದ್ದು, ಜೋಡಿ ಎತ್ತುಗಳನ್ನೂ ಅವುಗಳ ಮುಂದಿನ ಗ್ವಾದಲಿಯನ್ನೂ ಮಾಡಿ ಪೂಜಿಸುವ ಹಬ್ಬವದು. ಬಿತ್ತನೆಯ ಕಾಲದಲ್ಲಿ ದುಡಿಯುವ ಎತ್ತಿಗೂ ಅನ್ನ ಕೊಡುವ ಮಣ್ಣಿಗೂ ಒಂದೇ ಆಕಾರದಲ್ಲಿ ಸಲ್ಲುವ ಪೂಜೆ. ನಮ್ಮ ಊರಿನಲ್ಲಿ ಮರುದಿನ ಹುಡುಗರು ಒಂದು ಎತ್ತನ್ನು ಕುಂಟೆತ್ತು ಮಾಡಿ ಹೊತ್ತುಕೊಂಡು, ಮನೆ ಮನೆಗೆ ಹೋಗಿ ಅದರ ಹೆಸರಿನಲ್ಲಿ ಜೋಳ ಬೇಡುತ್ತಿದ್ದರು. ಕಡೆಗೆ ಎತ್ತುಗಳೆಲ್ಲ ಕೆರೆಯ ನೀರು ಸೇರುತ್ತಿದ್ದವು.

ಆಷಾಢದ ಮಂಗಳವಾರಗಳು ಗುಳ್ಳವ್ವನವು. ಇವಳನ್ನು ಮಾಡುವವರು ಹೆಣ್ಣುಮಕ್ಕಳು. ಮಣ್ಣಿನಲ್ಲಿ ಗುಳ್ಳವ್ವನನ್ನು ತಿದ್ದಿ, ಮೈಗೆ ಗುಲಗಂಜಿ, ಕುಸುಬಿ, ಜೋಳದ ಕಾಳುಗಳನ್ನು ಸಾಲಾಗಿ ಒತ್ತಿ ಒಡವೆ ತೊಡಿಸುತ್ತಾರೆ. ಕೆಂಪು ಬಿಳುಪುಗಳ ಆ ಹೊಂದಿಕೆಗೆ ಬೇರೆ ಬಣ್ಣದ ಅಗತ್ಯವೇ ಬೀಳುವುದಿಲ್ಲ. ಕಡೆಯ ವಾರ ಬುತ್ತಿ ಕಟ್ಟಿಕೊಂಡು ಗುಳ್ಳವ್ವನನ್ನು ಊರ ಹೊರಗಿನ ತೋಟಕ್ಕೋ ದಿಬ್ಬಕ್ಕೋ ಒಯ್ದು, ಹಾಡಿ, ಉಂಡು, ಅಲ್ಲಿಯೇ ಬಿಟ್ಟು ಬರುತ್ತಾರೆ.

ಶ್ರಾವಣದ ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ. ಭಾದ್ರಪದದ ಚೌತಿಗೆ ಗಣಪ. ಗಣಪ ಹೋದ ಬೆನ್ನಿಗೆ ಅಷ್ಟಮಿಯಂದು ಕುಂಬಾರನ ಮನೆಯಲ್ಲಿ ಜೋಕುಮಾರ ಹುಟ್ಟುತ್ತಾನೆ. ಬೇವಿನ ಸೊಪ್ಪಿನ ನಡುವೆ, ಬುಟ್ಟಿಯಲ್ಲಿ, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಕುಳಿತ ಅವನನ್ನು ಅಂಬಿಗರ ಹೆಂಗಸರು ತಲೆಯ ಮೇಲೆ ಹೊತ್ತು ಮನೆ ಮನೆಗೆ ಹಾಡುತ್ತ ತರುತ್ತಾರೆ. ಗಣಪ ತಾಯಿಯ ಬಳಿಗೆ ಹೋಗಿ ಭೂಲೋಕದಲ್ಲಿ ಎಲ್ಲರೂ ಕಡುಬು ತಿಂದು ಸುಖವಾಗಿದ್ದಾರೆಂದು ಹೇಳುತ್ತಾನಂತೆ. ಜೋಕುಮಾರ ಹೋಗಿ ಮಳೆಯಿಲ್ಲ, ಬೆಳೆಯಿಲ್ಲ, ಜನ ಬಾಡಿದ್ದಾರೆಂದು ನಿಜವನ್ನು ತಿಳಿಸುತ್ತಾನಂತೆ. ನಿಜ ಹೇಳುವ ದೇವರಿಗೆ ಏಳೇ ದಿನದ ಆಯುಷ್ಯ. ಹುಣ್ಣಿಮೆಯ ರಾತ್ರಿ ಮಡಿವಾಳರು ಬಟ್ಟೆ ಒಗೆಯುವ ಕಲ್ಲಿನ ಬಳಿ ಅವನ ಬಾಳು ಮುಗಿಯುತ್ತದೆ. ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕವನ್ನು ಬರೆದಾಗ ಪೇಟೆಯ ಪ್ರೇಕ್ಷಕರಿಗೆ ಈ ದೇವರ ಪರಿಚಯವಾಯಿತು. ಹಳ್ಳಿಯ ಹೆಂಗಸರಿಗೆ ಅವನು ಎಂದೋ ಮನೆಯ ಮಗ. ಕಾರ್ತಿಕದ ಪಾಡ್ಯಕ್ಕೆ ಅಂಗಳದಲ್ಲಿ ಸಗಣಿಯ ಪಾಂಡವರು ಕುಳಿತು, ತಲೆಯ ಮೇಲೆ ಚೆಂಡುಹೂವನ್ನೂ ಉತ್ತರಾಣಿ ಕಡ್ಡಿಯನ್ನೂ ಧರಿಸುವುದರೊಂದಿಗೆ ಈ ಸಾಲು ಒಂದು ಸುತ್ತು ಮುಗಿಯುತ್ತದೆ.

ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಲಕ್ಷಣವುಂಟು. ಕಾಲಿನ ಕೆಳಗೆ, ಬೇಲಿಯ ಮೇಲೆ, ಹಟ್ಟಿಯ ಒಳಗೆ ಸಿಕ್ಕುವ ವಸ್ತುವಿನಿಂದಲೇ ಇವು ಆಗುತ್ತವೆ. ಬೆಂಕಿ ಇವುಗಳನ್ನು ಮುಟ್ಟುವುದಿಲ್ಲ. ಕೆಲಸ ತೀರಿದೊಡನೆ ಬಂದಲ್ಲಿಗೇ ಹಿಂದಿರುಗುತ್ತವೆ. ಇದನ್ನು ಬಡವರ ಅನಿವಾರ್ಯವೆಂದು, ಕಲ್ಲಿನ ದೇವರನ್ನು ಮಾಡಿಸಲಾರದವರು ಮಾಡಿಕೊಂಡ ಬದಲಿಯೆಂದು ಬಹುಕಾಲ ನಾನು ತಿಳಿದಿದ್ದೆ. ಆ ತಿಳಿವಳಿಕೆ ತಪ್ಪೆಂದು ತೋರಿಸಿದ್ದು ಶಾಸ್ತ್ರಗ್ರಂಥಗಳೇ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಪ್ರತಿಮೆಗಳು ಎಂಟು ಬಗೆಯೆಂದು ಹೇಳಿದೆ. ಅಲ್ಲಿ ಕಲ್ಲು, ಮರ, ಲೋಹ, ರತ್ನಗಳ ಪಂಕ್ತಿಯಲ್ಲಿಯೇ ಮರಳಿನ ಪ್ರತಿಮೆಯೂ ಇದೆ. ಮನಸ್ಸಿನಲ್ಲಿ ಮಾತ್ರ ಮೂಡುವ ಪ್ರತಿಮೆಯೂ ಇದೆ. ತಿರುವಾಂಕೂರಿನ ಪುರಾತತ್ತ್ವ ಶಾಖೆಯಲ್ಲಿದ್ದ ಟಿ. ಎ. ಗೋಪಿನಾಥರಾಯರು 1914ರಿಂದ 1916ರವರೆಗೆ ಪ್ರಕಟಿಸಿದ ಮೂರ್ತಿಶಾಸ್ತ್ರದ ಸಂಪುಟಗಳಲ್ಲಿ, ಆಗಮಗಳು ಹೇಳುವ ಕ್ಷಣಿಕಲಿಂಗಗಳ ವಿವರವನ್ನು ಕೊಟ್ಟಿದ್ದಾರೆ. ಆ ಹೊತ್ತಿಗೆಂದು ಮಾಡಿ, ಪೂಜಿಸಿ, ಬಿಟ್ಟುಬಿಡುವ ಲಿಂಗಗಳಿವು. ಮರಳು, ಅಕ್ಕಿ, ಅನ್ನ, ಹೊಳೆಯ ಮಣ್ಣು, ಸಗಣಿ, ಬೆಣ್ಣೆ, ಗಂಧ, ಹೂಮಾಲೆ, ಬೆಲ್ಲ, ಹಿಟ್ಟು, ಇವುಗಳಿಂದ ಅವನ್ನು ಮಾಡಬಹುದು. ಹೀಗೆ ನಶಿಸುವ ಮೂರ್ತಿಗೆ ಪಂಡಿತರ ಪರಂಪರೆಯಲ್ಲಿಯೂ ಹೆಸರಿಟ್ಟ ಸ್ಥಾನವಿದೆ. ಆವಾಹನೆಯಷ್ಟೇ ವಿಸರ್ಜನೆಯೂ ವಿಧಿಯ ಅಂಗ; ಕಳಿಸಿಕೊಡಲು ಬಾರದವನಿಗೆ ಕರೆಯುವ ಅಧಿಕಾರವಿಲ್ಲ.

ಇನ್ನು ಇವುಗಳ ಪ್ರಾಚೀನತೆ. ಬಳ್ಳಾರಿಯ ಬಳಿಯ ಕುಪಗಲ್ಲು, ಯಾದಗಿರಿ ಜಿಲ್ಲೆಯ ಬೂದಿಹಾಳ ಮೊದಲಾದ ಕಡೆಗಳಲ್ಲಿ ದೊಡ್ಡ ಬೂದಿದಿಬ್ಬಗಳಿವೆ. ಇವು ನವಶಿಲಾಯುಗದ ದನಗಾಹಿಗಳ ದೊಡ್ಡಿಗಳಲ್ಲಿ ಶೇಖರವಾದ ಸಗಣಿಯನ್ನು ಸುಟ್ಟ ಬೂದಿಯೆಂಬುದನ್ನು ಎಫ್. ಆರ್. ಆಲ್ಚಿನ್ ಅವರು 1963ರ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ವಿವರಿಸಿದರು. ಕ್ರಿ.ಪೂ. 3000ದಿಂದ ಕ್ರಿ.ಪೂ. 1200ರವರೆಗೆ, ಸುಮಾರಾಗಿ, ಆ ಜನರ ಕಾಲ. ಅವರು ಕುಪಗಲ್ಲಿನ ಬಂಡೆಗಳ ಮೇಲೆ ಡುಬ್ಬದ ಗೂಳಿಗಳನ್ನು ಕುಟ್ಟಿ ಬಿಡಿಸಿದ್ದಾರೆ. ಆ ಕಾಲದ ನೆಲೆಗಳಲ್ಲಿ ಸುಟ್ಟ ಮಣ್ಣಿನ ಪುಟ್ಟ ಗೂಳಿಗಳೂ ದೊರೆತಿವೆ. ಅಂದಿನ ಗೂಳಿಗೂ ಇಂದಿನ ಮಣ್ಣೆತ್ತಿಗೂ ನಡುವೆ ಎಳೆ ಕಡಿಯದ ಪರಂಪರೆಯಿದೆ ಎಂದು ಹೇಳುವ ಧೈರ್ಯವನ್ನು ನಾನು ಮಾಡಲಾರೆ. ಅಷ್ಟು ದೂರಕ್ಕೆ ಸೇತುವೆ ಕಟ್ಟಲು ಸಾಕಾಗುವ ಪುರಾವೆಯಿಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಸುಮಾರು 600 ಡಿಗ್ರಿಯ ಶಾಖವನ್ನು ದಾಟಿದ ಜೇಡಿಮಣ್ಣು ಮತ್ತೆ ಕೆಸರಾಗದು. ಸುಡದ ಮಣ್ಣು ಒಂದೇ ಮಳೆಗೆ ಕರಗುತ್ತದೆ. ಆದುದರಿಂದ ಅಗೆತದಲ್ಲಿ ನಮಗೆ ಸಿಕ್ಕುವುದು ಬೆಂಕಿ ಉಳಿಸಿಕೊಟ್ಟದ್ದು ಮಾತ್ರ. ಒಂದು ಸುಟ್ಟ ಗೂಳಿಯ ಬೆನ್ನ ಹಿಂದೆ ಎಷ್ಟು ಹಸಿಮಣ್ಣಿನ ಗೂಳಿಗಳು ನಡೆದುಹೋದವೋ ಎಣಿಸಿದವರಾರು? ಉಳಿದುದನ್ನು ಎಣಿಸಿ, ಇದ್ದುದೇ ಇಷ್ಟು ಎಂದು ಲೆಕ್ಕ ಕಟ್ಟುವ ತಪ್ಪನ್ನು ಇತಿಹಾಸ ಓದುವ ನಾವು ಬಹಳ ಸಲ ಮಾಡಿದ್ದೇವೆ.

ನಮ್ಮ ಶಾಸನಗಳ ಕೊನೆಗೆ ‘ಆಚಂದ್ರಾರ್ಕತಾರಂ’ ಎಂಬ ಮಾತು ಬರುತ್ತದೆ. ಚಂದ್ರ, ಸೂರ್ಯ, ನಕ್ಷತ್ರಗಳಿರುವವರೆಗೆ ಈ ದಾನ ನಿಲ್ಲಲಿ ಎಂಬುದು ಅದರ ಹಾರೈಕೆ. ಹಾಗೆ ಹಾರೈಸಿದ ಕಲ್ಲುಗಳಲ್ಲಿ ಎಷ್ಟೋ ಒಡೆದಿವೆ. ಎಷ್ಟೋ ಬಟ್ಟೆ ಒಗೆಯುವ ಹಾಸುಗಲ್ಲಾಗಿವೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಹೆಸರುಗಳನ್ನು ಕೆತ್ತಿದರು. ಅವರ ಬಗ್ಗೆ ನನಗಿರುವ ಗೌರವ ಎಳ್ಳಷ್ಟೂ ಕಡಿಮೆಯಾಗಿಲ್ಲ. ಆದರೆ ಮದನಿಕೆಯನ್ನು ಅದೇ ಬಗೆಯಲ್ಲಿ ಕಡೆಯಬಲ್ಲ ಕೈಗಳು ಈಗ ಎಷ್ಟು ಉಳಿದಿವೆ? ಕಲ್ಲು ಉಳಿದಿದೆ, ಅದನ್ನು ಕಡೆದ ಕೈಯ ವಿದ್ಯೆ ಬಹುಮಟ್ಟಿಗೆ ಹೋಗಿದೆ. ಗುಳ್ಳವ್ವನ ವಿಷಯ ಇದಕ್ಕೆ ತಿರುಗುಮುರುಗು. ಹೋದ ವರ್ಷದ ಗುಳ್ಳವ್ವ ಒಬ್ಬಳೂ ಇಲ್ಲ. ಮಾಡುವ ವಿದ್ಯೆ ಇದೆ. ಮೂರ್ತಿ ಉಳಿಯದ ಕಾರಣದಿಂದಲೇ ಪ್ರತಿ ವರ್ಷವೂ ಮಾಡಬೇಕಾಯಿತು. ಪ್ರತಿ ವರ್ಷವೂ ಮಾಡಿದ ಕಾರಣದಿಂದಲೇ ಅಕ್ಕನಿಂದ ತಂಗಿಗೆ, ಅತ್ತೆಯಿಂದ ಸೊಸೆಗೆ ಆ ಹದ ದಾಟಿ ಬಂದಿತು. ನಾಶವೇ ಇಲ್ಲಿ ಗುರುವಾಗಿದೆ.

ಪಶ್ಚಿಮದ ಕಲಾವಿದರು ಕಳೆದ ಶತಮಾನದ ಉತ್ತರಾರ್ಧದಲ್ಲಿ ಇಂಥದೇ ಒಂದು ದಾರಿಯನ್ನು ತಮ್ಮದೇ ಕಾರಣಗಳಿಗಾಗಿ ಹಿಡಿದರು. ಗ್ಯಾಲರಿಯ ಗೋಡೆ, ಕಲೆಯ ಮಾರುಕಟ್ಟೆ ಇವುಗಳ ಬಗ್ಗೆ ಅವರಿಗೆ ಬೇಸರ ಬಂದಿತ್ತು. 1967ರಲ್ಲಿ ಇಂಗ್ಲೆಂಡಿನ ರಿಚರ್ಡ್ ಲಾಂಗ್ ಎಂಬ ತರುಣ ಒಂದು ಹುಲ್ಲುಗಾವಲಿನಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದು, ತುಳಿದ ಹುಲ್ಲಿನಿಂದಲೇ ಒಂದು ಗೆರೆಯನ್ನು ಮೂಡಿಸಿದ. 1970ರಲ್ಲಿ ಅಮೆರಿಕದ ರಾಬರ್ಟ್ ಸ್ಮಿತ್‌ಸನ್ ಯೂಟಾ ಪ್ರಾಂತದ ಉಪ್ಪಿನ ಸರೋವರದೊಳಕ್ಕೆ ಕಪ್ಪು ಕಲ್ಲು ಮತ್ತು ಮಣ್ಣಿನಿಂದ 1500 ಅಡಿ ಉದ್ದದ ಸುರುಳಿಯೊಂದನ್ನು ಕಟ್ಟಿದ. ಕೆಲವೇ ವರ್ಷಗಳಲ್ಲಿ ನೀರೇರಿ ಅದು ಮುಳುಗಿತು. 2002ರ ಸುಮಾರಿಗೆ ನೀರಿಳಿದಾಗ ಉಪ್ಪಿನ ಹರಳುಗಳನ್ನು ಹೊದ್ದು ಮತ್ತೆ ಕಾಣಿಸಿಕೊಂಡಿತು. 1956ರಲ್ಲಿ ಹುಟ್ಟಿದ ಆ್ಯಂಡಿ ಗೋಲ್ಡ್ಸ್‌ವರ್ದಿ ಎಲೆ, ಮುಳ್ಳು, ಹಿಮದ ತುಂಡುಗಳಿಂದ ಗಂಟೆಗಳಲ್ಲಿ ಕರಗುವ ಶಿಲ್ಪಗಳನ್ನು ರಚಿಸಿದ್ದಾನೆ. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ಒಂದು ಭೇದವುಂಟು. ಲಾಂಗನ ಗೆರೆಯ ಮೇಲೆ ಹುಲ್ಲು ಮತ್ತೆ ಎದ್ದಿತು. ಉಳಿದದ್ದು ಛಾಯಾಚಿತ್ರ, ಅದರ ಕೆಳಗೆ ಅವನ ಹೆಸರು. ನಮ್ಮ ಹೆಣ್ಣುಮಕ್ಕಳು ಗುಳ್ಳವ್ವನನ್ನು ದಿಬ್ಬದಲ್ಲಿ ಬಿಟ್ಟು ಬರುವಾಗ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಮುಂದಿನ ಆಷಾಢ ಬಂದೇ ಬರುತ್ತದೆಂಬ ನಂಬಿಕೆಯೊಂದೇ ಅವರ ಛಾಯಾಚಿತ್ರ.

ಆ ನಂಬಿಕೆ ಈಗ ಅಲುಗಾಡುತ್ತಿದೆ. ಗಣಪನ ಕಥೆಯನ್ನೇ ನೋಡಿ. 1893ರಲ್ಲಿ ಪುಣೆಯಲ್ಲಿ ಲೋಕಮಾನ್ಯ ತಿಲಕರು ಚೌತಿಯನ್ನು ಸಾರ್ವಜನಿಕ ಉತ್ಸವವಾಗಿ ಬೆಳೆಸಿದರು. ಉತ್ಸವ ದೊಡ್ಡದಾದಂತೆ ಮೂರ್ತಿಯೂ ದೊಡ್ಡದಾಯಿತು. ಎತ್ತರದ ಮೂರ್ತಿಗೆ ಹಸಿಮಣ್ಣು ಭಾರವೆಂದು, ಒಣಗಲು ನಿಧಾನವೆಂದು ಪ್ಲಾಸ್ಟರ್ ಆಫ್ ಪ್ಯಾರಿಸ್ ಬಂದಿತು. ಸುಟ್ಟ ಜಿಪ್ಸಮ್ಮಿನ ಆ ಹುಡಿ ನೀರು ಕುಡಿದು ಗಟ್ಟಿಯಾಗುವಂಥದು; ನೀರಿನಲ್ಲಿ ಮಣ್ಣಿನಂತೆ ಬಿಡಿಸಿಕೊಳ್ಳದು. ಕೆರೆಯ ದಂಡೆಯಲ್ಲಿ ಮಾರನೆಯ ದಿನ ಸೊಂಡಿಲು ಮುರಿದು, ಬಣ್ಣ ಕದಡಿ ಬಿದ್ದ ಮೂರ್ತಿಗಳನ್ನು ನೀವೆಲ್ಲ ಕಂಡಿದ್ದೀರಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯು 2010ರಲ್ಲಿ ವಿಸರ್ಜನೆಯ ಮಾರ್ಗಸೂಚಿಗಳನ್ನು ಹೊರಡಿಸಿತು. 2020ರಲ್ಲಿ ಅವನ್ನು ಬಿಗಿಗೊಳಿಸಿ ಈ ವಸ್ತುವಿನ ಮೂರ್ತಿಗಳು ಬೇಡವೆಂದಿತು. ನೀರಿಗೆ ಆದ ಹಾನಿಯನ್ನು ಪರೀಕ್ಷೆ ಮಾಡಿ ಅಳೆಯಬಹುದು. ಕೈಗೆ ಆದ ಹಾನಿಯನ್ನು ಅಳೆಯುವ ಮಂಡಲಿ ಯಾವುದೂ ಇಲ್ಲ. ಅಚ್ಚಿಗೆ ಸುರಿದ ಮೂರ್ತಿಯನ್ನು ಕೊಂಡು ತಂದ ಮನೆಯಲ್ಲಿ ಮಣ್ಣು ಮಿದಿಯುವುದನ್ನು ಮಗು ಕಾಣುವುದಿಲ್ಲ. ಮಣ್ಣೆತ್ತುಗಳೂ ಈಗ ಪೇಟೆಯಲ್ಲಿ ಬಣ್ಣ ಹಚ್ಚಿಸಿಕೊಂಡು ಮಾರಾಟಕ್ಕೆ ಕುಳಿತಿರುತ್ತವೆ. ಟ್ರ್ಯಾಕ್ಟರು ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಎತ್ತಿನ ಸುಳಿವಿರುವುದು ವರ್ಷಕ್ಕೊಮ್ಮೆ, ಆ ಮಣ್ಣಿನ ಜೋಡಿಯಲ್ಲಿ ಮಾತ್ರ.

ನನ್ನ ಬಾಲ್ಯದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಏಳೆಂಟು ವರ್ಷದವನಿದ್ದಾಗ ಒಮ್ಮೆ ಎರೆಮಣ್ಣಿನಲ್ಲಿ ಒಂದು ಎತ್ತನ್ನು ನಾನೇ ಮಾಡಿದೆ. ಮಣ್ಣು ಬಿರಿಯದಿರಲೆಂದು ಅವ್ವ ಅದಕ್ಕೆ ಚೂರು ಅರಳೆಯನ್ನು ಬೆರೆಸಿ ಕೊಟ್ಟಿದ್ದಳು. ಆ ಎತ್ತನ್ನು ಕೆರೆಗೆ ಹಾಕಲು ಮನಸ್ಸಾಗದೆ ಅಟ್ಟದ ಮೇಲೆ ಬಚ್ಚಿಟ್ಟೆ. ಮರುವರ್ಷ ಹಬ್ಬದ ಹಿಂದಿನ ದಿನ ಏರಿ ನೋಡಿದರೆ ಒಂದು ಕೊಂಬು, ಎರಡು ಕಾಲು ಉದುರಿ, ಮೈಯೆಲ್ಲ ಬಿರುಕು. ನಾನು ಅತ್ತೆ. ಅವ್ವ ಬೈಯಲಿಲ್ಲ. “ಇಟಗೊಂಡ್ರ ಹಿಂಗ ಆಗತೈತಿ, ತಮ್ಮಾ” ಎಂದು ಆ ಚೂರುಗಳನ್ನೆಲ್ಲ ಬೋಗುಣಿಗೆ ಹಾಕಿ ನೀರು ಸುರಿದಳು. ಸಂಜೆಯ ಹೊತ್ತಿಗೆ ಅದು ಮತ್ತೆ ಹದವಾದ ಮಣ್ಣಾಗಿತ್ತು. ಹೊಸ ಮಣ್ಣಿನ ಜೊತೆಗೆ ಅದನ್ನೂ ಕಲಸಿ ನನ್ನ ಕೈಗೇ ಕೊಟ್ಟಳು.

ಗುಳ್ಳವ್ವನ ಕಾಳುಗಳನ್ನು ಸಾಲು ತಪ್ಪದಂತೆ ಒತ್ತುತ್ತಿದ್ದ ನನ್ನ ಅಕ್ಕ ಈಗಿಲ್ಲ. ಮಣ್ಣು ಎಷ್ಟು ಒಣಗಿದಾಗ ಕಾಳು ಒತ್ತಬೇಕೆಂದು ನಾನು ಅವಳನ್ನು ಒಮ್ಮೆಯೂ ಕೇಳಿರಲಿಲ್ಲ. ಪುಸ್ತಕಗಳಲ್ಲಿ ಹುಡುಕಿದೆ; ಸಿಕ್ಕಲಿಲ್ಲ. ಹಿಂದಿನ ಬೆಂಚಿನ ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ನಾನರಿಯೆ. ಈ ಮಾತು ಅವಳ ಕಿವಿಗೆ ಬಿದ್ದರೆ ಇಷ್ಟು ಹೇಳಬೇಕು: ಹೌದವ್ವಾ, ಅದೂ ಶಿಲ್ಪವೇ. ಈ ಆಷಾಢದಲ್ಲಿ ನಿನ್ನ ಮಕ್ಕಳನ್ನು ಕೂಡಿಸಿಕೊಂಡು ಗುಳ್ಳವ್ವನನ್ನು ಮಾಡುವುದಾದರೆ ನನಗೂ ಹೇಳಿ ಕಳಿಸು. ಬಂದು ಪಕ್ಕದಲ್ಲಿ ಕುಳಿತು ನೋಡುತ್ತೇನೆ.