ರೆಕ್ಕೆಯ ಮೇಲೊಂದು ಕಣ್ಣು

ವಿಮಾನದ ಹೊರಗೆ ಕ್ಯಾಮೆರಾ ಇಟ್ಟು ಚಿತ್ರ ತೆಗೆಯುವ ಚರಿತ್ರೆ ಶುರುವಾದಾಗ ವಿಮಾನಕ್ಕೆ ‘ಒಳಗೆ’ ಎಂಬುದೇ ಇರಲಿಲ್ಲ. 1909ರ ಏಪ್ರಿಲ್ 24ರಂದು, ರೋಮ್ ಹತ್ತಿರದ ಚೆಂಟೊಚೆಲ್ಲೆ ಮೈದಾನದಲ್ಲಿ ವಿಲ್ಬರ್ ರೈಟ್ ಒಬ್ಬ ಛಾಯಾಗ್ರಾಹಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಾರಿದ. ಇಬ್ಬರೂ ಕೂತದ್ದು ಕೆಳರೆಕ್ಕೆಯ ಮುಂಬದಿಯಲ್ಲಿ, ಗಾಳಿಗೆ ಮೈಯೊಡ್ಡಿ. ಆ ತುಣುಕಿನಲ್ಲಿ ಹೊಲಗಳೂ ಪುರಾತನ ರೋಮನ್ ಮೇಲ್ಗಾಲುವೆಯ ಕಮಾನುಗಳೂ ಕೆಳಗೆ ಸರಿಯುತ್ತವೆ. ಹಾರುವ ವಿಮಾನದಿಂದ ತೆಗೆದ ಮೊದಲ ಚಲನಚಿತ್ರವೆಂದು ಅದನ್ನು ಹೇಳುತ್ತಾರೆ.

ಮುಂದಿನ ದೊಡ್ಡ ಸಾಹಸ ನಡೆದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, ‘ವಿಂಗ್ಸ್’ (1927) ಚಿತ್ರಕ್ಕಾಗಿ. ನಿರ್ದೇಶಕ ವಿಲಿಯಂ ವೆಲ್‌ಮನ್ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ನ ಆಕಾಶದಲ್ಲಿ ಕಾದಾಡಿದ ಪೈಲಟ್. ಹಾರುವವನ ಮುಖ ಕಾಣಬೇಕೆಂಬುದು ಅವನ ಹಟ. ಹಾಗಾಗಿ ಮೋಟಾರಿನಿಂದ ಓಡುವ ಕ್ಯಾಮೆರಾವನ್ನು ವಿಮಾನದ ಮೈಗೇ ಬಿಗಿದು ನಟನ ಕಡೆ ತಿರುಗಿಸಿದರು. ರಿಚರ್ಡ್ ಆರ್ಲೆನ್‌ಗೆ ಹಾರಾಟ ಮೊದಲೇ ಗೊತ್ತಿತ್ತು. ಬಡ್ಡಿ ರೋಜರ್ಸ್ ಈ ಚಿತ್ರಕ್ಕೆಂದೇ ಕಲಿತ. ಮೇಲೆ ಹೋದ ಮೇಲೆ ನಟನೇ ಪೈಲಟ್, ನಟನೇ ಛಾಯಾಗ್ರಾಹಕ. 35 ಮಿ.ಮೀ. ಫಿಲ್ಮಿನ 400 ಅಡಿ ಸುರುಳಿ, ಸೆಕೆಂಡಿಗೆ 24 ಚೌಕಟ್ಟಿನಂತೆ ಓಡಿದರೆ ನಾಲ್ಕೂವರೆ ನಿಮಿಷದೊಳಗೆ ಖಾಲಿ. ತಪ್ಪಿದರೆ ಮತ್ತೆ ಇಳಿದು, ಸುರುಳಿ ತುಂಬಿಸಿ, ಮತ್ತೆ ಏರಬೇಕು.

ಲೆಕ್ಕಪತ್ರ ನೋಡುವ ನನಗೆ ಈ ಕಥೆಯಲ್ಲಿ ಹಿಡಿಸುವುದು ಇನ್ನೊಂದು ಸಂಗತಿ. ಆಕಾಶ ಶುಭ್ರವಾಗಿದ್ದ ದಿನಗಳಲ್ಲಿ ವೆಲ್‌ಮನ್ ಚಿತ್ರೀಕರಣವನ್ನೇ ನಿಲ್ಲಿಸಿ ಮೋಡಗಳಿಗಾಗಿ ಕಾದ. ಹಿಂದೆ ಮೋಡವಿಲ್ಲದಿದ್ದರೆ ವಿಮಾನ ಓಡುವುದೇ ಕಣ್ಣಿಗೆ ತಿಳಿಯದು. ಖರ್ಚಿನ ಪುಸ್ತಕದಲ್ಲಿ ಅವು ದಂಡ ದಿನಗಳು. ಆದರೆ 1929ರಲ್ಲಿ ಮೊತ್ತಮೊದಲ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ಅತ್ಯುತ್ತಮ ಚಿತ್ರವೆನಿಸಿದ್ದು ಅದೇ.

ಈಗ ಅಂಗೈಯಲ್ಲಿ ಹಿಡಿಯುವ ಗೋಪ್ರೊ ಸಾಕು. ಸೆಸ್ನಾದಂಥ ಪುಟ್ಟ ವಿಮಾನವಾದರೆ, ನೆಲಕ್ಕೆ ಹಗ್ಗ ಕಟ್ಟಲು ರೆಕ್ಕೆಯ ಕೆಳಗಿರುವ ಬಳೆಗೋ, ರೆಕ್ಕೆಯ ಆಸರೆಕಂಬಕ್ಕೋ ಅದನ್ನು ಬಿಗಿಯುತ್ತಾರೆ. ಹೊಸ ಕಾಲಕ್ಕೆ ಹೊಸ ತೊಡಕೂ ಇದೆ: ಇಂಥ ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ತಿರುಗುವ ಪ್ರೊಪೆಲರ್ ಬಾಳೆಹಣ್ಣಿನಂತೆ ಬಾಗಿ ಕಾಣುತ್ತದೆ. ಲೆನ್ಸಿಗೆ ಕಪ್ಪು ಫಿಲ್ಟರ್ ಹಾಕಿದರೆ ಪ್ರತಿ ಚೌಕಟ್ಟಿಗೂ ಬೆಳಕು ಹೆಚ್ಚು ಹೊತ್ತು ಬೀಳಬೇಕಾಗುತ್ತದೆ. ಆಗ ಅಲಗುಗಳು ಕಣ್ಣಿಗೆ ಒಗ್ಗುವಂತೆ ಮಸುಕಾಗುತ್ತವೆ.

ಭಾರ ಇಳಿದರೂ ಹೊಣೆ ಇಳಿದಿಲ್ಲ. ವೇಗ ಅಳೆಯುವ ಕೊಳವೆಗೆ ಬರುವ ಗಾಳಿಗೆ ಅಡ್ಡವಾಗಬಾರದು, ರೆಕ್ಕೆಯ ತುದಿಯ ಮಡಿಕೆಗಳು ಸಲೀಸಾಗಿ ಆಡಬೇಕು, ಎಂಜಿನ್ ನಡುಕಕ್ಕೆ ತಿರುಪು ಸಡಿಲಾಗಬಾರದು. ಅನುಭವಸ್ಥರು ಮೆಕ್ಯಾನಿಕ್‌ನನ್ನು ಕೇಳದೆ ಏನನ್ನೂ ಕಟ್ಟುವುದಿಲ್ಲ. ಕಟ್ಟಿದ ಮೇಲೂ ಒಂದು ತೆಳು ಉಕ್ಕಿನ ತಂತಿ ಹೆಚ್ಚಿಗೆ ಬಿಗಿಯುತ್ತಾರೆ. ಕ್ಯಾಮೆರಾ ಕಳಚಿ ಬಿದ್ದರೆ ನಷ್ಟ ಅದರ ಬೆಲೆಯಷ್ಟೇ ಅಲ್ಲ. ಕೆಳಗೆ ಯಾರದೋ ಮನೆಯಿರುತ್ತದೆ.