ಕೂಟದ ಸಂಗೀತ: ಬೇಲೂರಿನ ಶಿಲೆಯಿಂದ ಸ್ಪೇನಿನ ಗಿಟಾರಿನವರೆಗೆ



ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಪ್ರವಾಸ ಹೋದವರೆಲ್ಲರೂ ಕತ್ತೆತ್ತಿ ಮದನಿಕೆಯರನ್ನು ನೋಡುತ್ತಾರೆ. ಆದರೆ ನರ್ತಿಸುವ ಮದನಿಕೆಯ ಪಾದದ ಬಳಿ ನಿಂತ ಪುಟ್ಟ ಆಕೃತಿಗಳನ್ನು ಗಮನಿಸುವವರು ಕಡಿಮೆ. ಅವರು ಮದ್ದಳೆ ನುಡಿಸುವವರು, ತಾಳ ಹಾಕುವವರು. ಶಿಲ್ಪಿ ಅವರನ್ನು ಚಿಕ್ಕದಾಗಿ ಕೆತ್ತಿದ್ದಾನೆ, ಬಿಟ್ಟುಬಿಟ್ಟಿಲ್ಲ. ಅವರ ತಾಳವಿಲ್ಲದೆ ಆಕೆಯ ಹೆಜ್ಜೆ ಏಳದು.

ಈ ದೇವಾಲಯದಲ್ಲಿ ದೇವರ ಪ್ರತಿಷ್ಠೆ ನಡೆದದ್ದು 1117ರಲ್ಲಿ, ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ. ನವರಂಗದ ನಡುವೆ ದುಂಡಗಿನ ಕಲ್ಲಿನ ವೇದಿಕೆಯಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಗಳಲ್ಲಿಯೂ ನರ್ತಕರ ಪಕ್ಕದಲ್ಲಿ ವಾದ್ಯಗಾರರಿದ್ದಾರೆ. ರಾಣಿ ಶಾಂತಲೆಯನ್ನು ಶಾಸನಗಳು ಗೀತ, ವಾದ್ಯ, ನೃತ್ಯ ಈ ಮೂರರಲ್ಲೂ ನಿಪುಣೆಯೆಂದು ಹೊಗಳುತ್ತವೆ. ಒಬ್ಬರು ಇನ್ನೊಬ್ಬರಿಗಾಗಿ ನುಡಿಸುವುದು ಈ ನೆಲದಲ್ಲಿ ಹಳೆಯ ವಿದ್ಯೆ.

ಇಂದು ಕಾಲೇಜಿನ ಹಾಸ್ಟೆಲುಗಳಲ್ಲಿ ಗಿಟಾರು ಸಾಮಾನ್ಯ. ಕೆಲವರು ಸ್ಪೇನಿನ ಫ್ಲಮೆಂಕೊ ಶೈಲಿಯನ್ನೂ ಅಭ್ಯಾಸ ಮಾಡುತ್ತಾರೆ. ನಾಲ್ಕು ಜನ ಸೇರಿದಾಗ ನುಡಿಸಲು ಏನೇನು ಕಲಿತಿರಬೇಕು ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರ ಆ ಕಲೆಯ ಇತಿಹಾಸದಲ್ಲಿಯೇ ಇದೆ.

ಫ್ಲಮೆಂಕೊ ಸ್ಪೇನಿನ ದಕ್ಷಿಣಕ್ಕಿರುವ ಆಂಡಲೂಸಿಯಾ ಪ್ರಾಂತದ ಕಲೆ. ಇದನ್ನು ಬೆಳೆಸಿದವರಲ್ಲಿ ರೋಮಾ ಜನರು ಮುಖ್ಯರು. ಅವರ ಭಾಷೆಯ ಮೂಲ ಭಾರತದ್ದೆಂದು ಭಾಷಾಶಾಸ್ತ್ರ ತೋರಿಸಿದೆ. ಸ್ಪೇನಿನಲ್ಲಿ ಅವರ ಹೆಸರು 1425ರ ದಾಖಲೆಯಲ್ಲಿ ಕಾಣಿಸುತ್ತದೆ. ಇಷ್ಟರಿಂದಲೇ ಫ್ಲಮೆಂಕೊ ನಮ್ಮ ನೃತ್ಯದ ಮಗಳು ಎಂದು ಹೇಳಲಾಗದು. ಅದು ರೂಪುಗೊಂಡದ್ದು 18 ಮತ್ತು 19ನೆಯ ಶತಮಾನಗಳಲ್ಲಿ, ಆಂಡಲೂಸಿಯಾದ ಅನೇಕ ಜನರ ಹಾಡುಗಳು ಬೆರೆತು. ಹೋಲಿಕೆಯೇ ಬಂಧುತ್ವಕ್ಕೆ ಸಾಕ್ಷಿಯಲ್ಲ ಎಂಬುದು ಇತಿಹಾಸದ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ.

ಆ ಕಲೆಯಲ್ಲಿ ಮೊದಲ ಸ್ಥಾನ ಹಾಡಿಗೆ. ಗಿಟಾರು ಬಂದದ್ದು ಹಾಡಿಗೂ ಕುಣಿತಕ್ಕೂ ಪಕ್ಕವಾದ್ಯವಾಗಿ. ಅದು ತಾನೊಂದೇ ಕಛೇರಿ ನಡೆಸುವಂತಾದದ್ದು ಬಹಳ ತಡವಾಗಿ. ರಾಮೋನ್ ಮೊಂತೋಯಾ 1936ರಲ್ಲಿ ಪ್ಯಾರಿಸ್ಸಿನಲ್ಲಿ ಒಂಟಿ ಗಿಟಾರಿನ ಧ್ವನಿಮುದ್ರಿಕೆಗಳನ್ನು ಮಾಡಿದ. ಅದಕ್ಕೆ ಮೊದಲು ಆತ ಆಂಟೋನಿಯೊ ಚಾಕೋನನಂಥ ಹಾಡುಗಾರರಿಗೆ ಜೊತೆ ನೀಡಿದವನು. 1973ರ ತನ್ನ ಒಂದು ರುಂಬಾದಿಂದ ಮನೆಮಾತಾದ ಪಾಕೊ ದೆ ಲೂಸಿಯಾ ಕೂಡ ಕಮರೋನ್ ಎಂಬ ಗಾಯಕನ ಪಕ್ಕದಲ್ಲಿ ವರ್ಷಗಟ್ಟಲೆ ಕುಳಿತು ನುಡಿಸಿದ.

ಹೀಗಾಗಿ ಕೂಟಕ್ಕೆ ಬೇಕಾದದ್ದು ಇಪ್ಪತ್ತು ಕಠಿಣ ಕೃತಿಗಳಲ್ಲ. ಎಲ್ಲರಿಗೂ ಗೊತ್ತಿರುವ ನಾಲ್ಕೈದು ತಾಳಬಂಧಗಳು. ರುಂಬಾ ಮತ್ತು ಟಾಂಗೊಸ್ ನಾಲ್ಕರ ಎಣಿಕೆಯವು. ಹೊಸಬರೂ ಚಪ್ಪಾಳೆ ಹಾಕಬಹುದು. ಸೆವಿಯ್ಯಾನಾಸ್ ಮೂರರ ಎಣಿಕೆಯದು; ನಾಲ್ಕು ಕುಣಿತಗಳ ಗೊತ್ತಾದ ಕಟ್ಟು. ಕೂಟ ರಂಗೇರಿದಾಗ ಬರುವುದು ಬುಲೆರಿಯಾಸ್: ಹನ್ನೆರಡು ಎಣಿಕೆ. ಅದರ ಒಂದು ಸಾಮಾನ್ಯ ನಡೆಯನ್ನು ಮೂರು, ಮೂರು, ಎರಡು, ಎರಡು, ಎರಡು ಎಂದು ಒಡೆದು, ಪ್ರತಿ ತುಂಡಿನ ಮೊದಲಿಗೆ ಒತ್ತು ಕೊಟ್ಟು ಈಗಲೇ ಕೈತಟ್ಟಿ ನೋಡಿ. ಹಾಡುವವರ ಕಂಠ ಎತ್ತರದ್ದಾದರೆ ಗಿಟಾರಿನ ಕತ್ತಿಗೆ ಸೆಹಿಯ್ಯಾ ಎಂಬ ಪಟ್ಟಿ ಬಿಗಿದು ಶ್ರುತಿ ಏರಿಸುತ್ತಾರೆ. ಇಲ್ಲಿ ವಾದ್ಯವೇ ಕಂಠಕ್ಕೆ ಹೊಂದಿಕೊಳ್ಳಬೇಕು.

ಇದು ನಮಗೆ ಹೊಸದೇನಲ್ಲ. ಬೇಲೂರು ಹರಿದಾಸರಲ್ಲಿ ಒಬ್ಬರಾದ ವೈಕುಂಠದಾಸರ ಊರು. ದಾಸರ ಪದಗಳು ಇಂದಿಗೂ ಉಳಿದಿರುವುದು ಪುಸ್ತಕಗಳಲ್ಲಿ ಮಾತ್ರವಲ್ಲ, ಭಜನೆಯ ಮನೆಗಳಲ್ಲಿ. ಅಲ್ಲಿಯೂ ಮೊದಲು ಗಣಪತಿ ಸ್ತುತಿ, ಕೊನೆಗೆ ಮಂಗಳ. ನಡುವೆ ದಾಸರ ಪದ, ತತ್ವಪದ, ವಚನ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಹಿಡಿಯುತ್ತಾರೆ. ಹಾರ್ಮೋನಿಯಂನವರು ಹಾಡುವವರ ಶ್ರುತಿ ಕೇಳಿಯೇ ಮನೆ ಹಿಡಿಯುತ್ತಾರೆ. ಆಂಡಲೂಸಿಯಾದ ಹಳ್ಳಿಗೂ ನಮ್ಮ ಹಳ್ಳಿಗೂ ನಂಟಿಲ್ಲದಿದ್ದರೂ, ಒಟ್ಟಿಗೆ ಹಾಡಬೇಕೆಂಬ ಆಸೆ ಎರಡು ಕಡೆಯೂ ಒಂದೇ ಬಗೆಯ ಏರ್ಪಾಡನ್ನು ಹುಟ್ಟಿಸಿದೆ.

ಫ್ಲಮೆಂಕೊ 2010ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೆ ಸೇರಿತು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ತಾಣಗಳಾದವು. ಕಲ್ಲನ್ನು ಕಾಯಲು ಕಾವಲುಗಾರರಿದ್ದಾರೆ. ಕೂಟದ ಹಾಡನ್ನು ಕಾಯುವವರು ಕೂಟಕ್ಕೆ ಬಂದವರು ಮಾತ್ರ. ಧ್ವನಿಮುದ್ರಿಕೆ ಕೇಳಿ ಒಂಟಿಯಾಗಿ ಬೆರಳಿನ ಚಳಕ ಕಲಿತವನು, ಪಕ್ಕದವಳು ಹಾಡಲು ಶುರುಮಾಡಿದಾಗ ಕೈಕಟ್ಟಿ ಕೂತರೆ, ಆ ಸರಪಳಿಯ ಕೊಂಡಿ ಅಲ್ಲಿಗೇ ಕಳಚುತ್ತದೆ.

ಮುಂದಿನ ಪ್ರವಾಸದಲ್ಲಿ ಅರಸೀಕೆರೆಯ ಈಶ್ವರ ದೇವಾಲಯಕ್ಕೂ ಹೋಗಿಬನ್ನಿ. 1220ರ ಸುಮಾರಿನ ಆ ಗುಡಿಯ ಮುಂದೆ ನಕ್ಷತ್ರಾಕಾರದ ತೆರೆದ ಮಂಟಪವಿದೆ. ಅಲ್ಲಿ ಹೊರಗೆ ನಿಂತು, ಮೆಲ್ಲಗೆ, ಮೂರು ಮೂರು ಎರಡು ಎರಡು ಎರಡು ಎಂದು ಎಣಿಸಿಕೊಳ್ಳಿ. ಜೊತೆಯವರು ಆ ಎಣಿಕೆಯನ್ನು ಹಿಡಿದರೆ, ನಿಮ್ಮ ಮೊದಲ ಕೂಟ ಆರಂಭವಾಯಿತೆಂದೇ ತಿಳಿಯಿರಿ.