ಚದುರಂಗದ ಮಣೆಗೆ ತಲೆಬುಡ

ನಮ್ಮ ದೇಶದ ಹಳೆಯ ಚದುರಂಗದ ಮಣೆಗಳಲ್ಲಿ ಬಿಳಿ–ಕಪ್ಪು ಮನೆಗಳ ಭೇದವಿರಲಿಲ್ಲ. ಗೆರೆ ಕೊರೆದ 64 ಮನೆಗಳೂ ಒಂದೇ ಬಣ್ಣದವು. ಆಟಗಾರನ ಬಲಗೈಯ ಮೂಲೆಯಲ್ಲಿ ಬಿಳಿಯ ಮನೆ ಇರತಕ್ಕದ್ದೆಂಬ ಇಂದಿನ ನಿಯಮಕ್ಕೆ ಅಲ್ಲಿ ಎಡೆಯೇ ಇಲ್ಲ. ಆಡುವವರಿಗೆ ಇದರಿಂದ ತೊಡಕಿಲ್ಲ. ಆಟವನ್ನು ಬರೆದಿಟ್ಟು ವಿಮರ್ಶಿಸುವವನಿಗೆ ಮಾತ್ರ ಮಣೆಯ ತಲೆ ಯಾವುದು, ಬುಡ ಯಾವುದು ಎಂಬ ಪ್ರಶ್ನೆ ಏಳುತ್ತದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಇದಕ್ಕೆ ಸೊಗಸಾದ ಪರಿಹಾರವಿದೆ. ಕುದುರೆಯು ಒಂದೊಂದು ಮನೆಯನ್ನೂ ಒಂದೊಂದೇ ಸಲ ಮೆಟ್ಟಿ ಮಣೆಯನ್ನೆಲ್ಲ ಸುತ್ತಿಬರುವ ನಡೆಯನ್ನು ವರ್ಣಿಸುವಾಗ, ಅವನು ಒಂದು ದಿಕ್ಕಿನ ಸಾಲುಗಳಿಗೆ ವ್ಯಂಜನಗಳನ್ನೂ ಇನ್ನೊಂದು ದಿಕ್ಕಿನವಕ್ಕೆ ಸ್ವರಗಳನ್ನೂ ಇಟ್ಟಿದ್ದಾನೆ. ಎರಡೂ ಕೂಡಿದ ಗುಣಿತಾಕ್ಷರವೇ ಮನೆಯ ಹೆಸರು. ಒಮ್ಮೆ ಹೆಸರಿಟ್ಟ ಮೇಲೆ ಮಣೆಯನ್ನು ಹೇಗೆ ತಿರುಗಿಸಿದರೂ ಅಕ್ಷರವು ತನ್ನ ಮನೆಯನ್ನು ಬಿಡುವುದಿಲ್ಲ. ಕಾಗುಣಿತ ಬಲ್ಲ ಬಾಲಕನೂ ಓದಬಹುದಾದ ಲಿಪಿಯಿದು!

ಇದರ ಅಗತ್ಯವೆಷ್ಟೆಂಬುದು ಎಣಿಕೆಗೆ ಕುಳಿತಾಗ ತಿಳಿಯುತ್ತದೆ. ಚೌಕವನ್ನು ನಾಲ್ಕು ಬಗೆಯಾಗಿ ತಿರುಗಿಸಬಹುದು. ಕನ್ನಡಿಯಲ್ಲಿ ಕಂಡಂತೆ ಮಗುಚಿದರೆ ಮತ್ತೆ ನಾಲ್ಕು. ಹೀಗೆ ಒಂದೇ ನಡೆ ಎಂಟು ಮುಖಗಳಲ್ಲಿ ತೋರಬಹುದು. ಫ್ರಾನ್ಸಿನ ಫ್ರೆನಿಕ್ಲ್ ನಾಲ್ಕು ಮನೆಯ ಮಾಯಾಚೌಕಗಳು 880 ಎಂದು ಎಣಿಸಿದ್ದು (1693ರಲ್ಲಿ ಪ್ರಕಟ) ಎಂಟು ಮುಖಗಳನ್ನು ಒಂದೆಂದು ಹಿಡಿದೇ. ಇಲ್ಲವಾದರೆ 7040 ಆಗುತ್ತಿತ್ತು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆ ನಡೆಗಳ ಮಹಾವ್ಯಸನಿ. ಅವರ ನಡೆಗಳನ್ನು ಪರರ ಪಟ್ಟಿಗಳೊಡನೆ ಹೋಲಿಸುವವರು, ಪಟವನ್ನು ಎಂಟು ಬಗೆಯಾಗಿ ತಿರುಗಿಸಿ ನೋಡದೆ, 'ಹೊಸತು' ಎನ್ನುವುದೂ 'ಎರವಲು' ಎನ್ನುವುದೂ ಅವಸರದ ಮಾತು.

ಪೂರ್ಣ ಆಟಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಯುರೋಪಿನ ಪದ್ಧತಿಯಲ್ಲಿ ರಾಜನೆದುರಿಗೆ ರಾಜ; ಒಂದು ಪಕ್ಷವು ಇನ್ನೊಂದರ ಕನ್ನಡಿಬಿಂಬ. ನಮ್ಮ ಹಲವು ದೇಶೀಯ ಪದ್ಧತಿಗಳಲ್ಲಾದರೋ ರಾಜನೆದುರಿಗೆ ಮಂತ್ರಿ. ಅಲ್ಲಿ ಮಣೆಯನ್ನು ಅರ್ಧಸುತ್ತು ತಿರುಗಿಸಿದರೆ ಪಕ್ಷಗಳು ಹೊಂದುತ್ತವೆ, ಮಗುಚಿದರೆ ಹೊಂದುವುದಿಲ್ಲ. ಒಂದರ ನಿಯಮದಿಂದ ಇನ್ನೊಂದನ್ನು ಅಳೆದರೆ ಮಂತ್ರಿಯ ಮನೆಗೆ ರಾಜನನ್ನು ಕೂರಿಸಿದಂತಾದೀತು.

ಪಶ್ಚಿಮದಲ್ಲಿಯೂ ಈ ಗೊಂದಲ ಬೇಗ ತೀರಲಿಲ್ಲ. ಅಕ್ಷರ–ಅಂಕಿಗಳ ಲಿಪಿಯನ್ನು ಸ್ಟಾಮನು 1737ರಲ್ಲಿಯೇ ಮುದ್ರಿಸಿದ್ದರೂ, ಆಂಗ್ಲರು ಇಬ್ಬರು ಆಟಗಾರರ ಕಡೆಯಿಂದಲೂ ಎಣಿಸಿ ಪ್ರತಿ ಮನೆಗೆ ಎರಡೆರಡು ಹೆಸರಿಡುತ್ತಿದ್ದರು. ವಿಶ್ವ ಚದುರಂಗ ಸಂಸ್ಥೆ ಆ ಪದ್ಧತಿಯನ್ನು ಕೈಬಿಟ್ಟದ್ದು 1981ರಲ್ಲಿ. ವಿಶ್ವ ಚಾಂಪಿಯನ್ ಪಂದ್ಯಾವಳಿ 2000ದಲ್ಲಿ ನವದೆಹಲಿಗೆ ಬಂದಾಗ ಪ್ರತಿ ಮನೆಗೂ ಒಂದೇ ಹೆಸರು. ಎಣಿಕೆ ಬಿಳಿಯವನ ಕಡೆಯಿಂದ.